ಬಣ್ಣಕ್ಕೆ ಮುಂಚಿನ ಕೆಲಸ

ಸುಮ್ಮನೆ ಕೂರುವುದು ಗಾಲಿಯಣ್ಣನಿಗೆ ಹುಟ್ಟಿದಾಗಿನಿಂದ ಬಾರದ ವಿದ್ಯೆ. ಊಟಕ್ಕೆ ಕೂತರೆ ಮೊಣಕಾಲು ಕುಣಿಯುತ್ತಿತ್ತು, ಕ್ಷೌರಕ್ಕೆ ಕೂತರೆ ಕತ್ತರಿ ಹಿಡಿದವನು ಬೈಯುತ್ತಿದ್ದ, ಬಸ್ಸು ಹತ್ತಿದರೆ ಇಳಿಯುವ ಜಾಗ ಇನ್ನೂ ದೂರವಿರುವಾಗಲೇ ಎದ್ದು ಬಾಗಿಲಿಗೆ ಜೋತುಬೀಳುತ್ತಿದ್ದ. ಕಾಲಿಗೆ ಗಾಲಿ ಕಟ್ಟಿಕೊಂಡೇ ಹುಟ್ಟಿದ್ದಾನೆ ಎಂದು ಟ್ಯಾಕ್ಸಿ ಸ್ಟ್ಯಾಂಡಿನವರು ಇಟ್ಟ ಹೆಸರದು. ಆಮೇಲೆ ಬೀದಿಯವರು ಹಿಡಿದರು, ಅಂಗಡಿಯವರು ಹಿಡಿದರು, ಕೋಪ ಬಂದ ದಿನ ಹೆಂಡತಿಯೂ ಅದೇ ಹೆಸರಿನಿಂದ ಕರೆದಳು. ಅವನು ಒಂದೇ ಕಡೆ ಗಂಟೆಗಟ್ಟಲೆ ಕೂರುತ್ತಿದ್ದದ್ದು ಸ್ಟಿಯರಿಂಗ್ ಮುಂದೆ ಮಾತ್ರ. ಅಲ್ಲಿ ಅವನು ಕೂತಿದ್ದರೂ ಸುತ್ತಲಿನ ಲೋಕ ಓಡುತ್ತಿತ್ತಲ್ಲ, ಅದರಿಂದ ಅವನ ಮನಸ್ಸಿಗೆ ಸಮಾಧಾನ.

ಹೆಂಡತಿ ಸಿಕ್ಕಿದ್ದೂ ಟ್ಯಾಕ್ಸಿಯಲ್ಲೇ. ಅವಳು ಹೊಲಿಗೆ ಕಲಿತು, ಮೊದಲ ಸ್ವಂತ ಮೆಷಿನ್ ಕೊಂಡು, ಅದನ್ನು ಇವನ ಡಿಕ್ಕಿಯಲ್ಲಿ ಹಾಕಿಸಿಕೊಂಡು ಮನೆಗೆ ಹೊರಟಿದ್ದಳು. ತಿರುವಿನಲ್ಲಿ ಇವನು ಕಾರು ಬೀಸಿದ ರಭಸಕ್ಕೆ ಹಿಂದೆ ಏನೋ ಧಡ್ ಎಂದು ಉರುಳಿತು. "ನಿಲ್ಸಿ ಇಲ್ಲೇ. ಮೆಷಿನ್ನಿಗೆ ಏನಾದ್ರೂ ಆಗಿದ್ರೆ ನಿಮ್ಮ ಶರ್ಟಿನ ಗುಂಡಿ ಒಂದೂ ಉಳಿಯಲ್ಲ, ಹೇಳಿದೀನಿ" ಎಂದಳು. ಉಳಿದ ದಾರಿಯನ್ನು ಅವನು ತಲೆಯ ಮೇಲೆ ಮೊಟ್ಟೆ ಬುಟ್ಟಿ ಹೊತ್ತವನ ಹಾಗೆ ಓಡಿಸಿದ. ಅಷ್ಟು ನಿಧಾನವಾಗಿ ಅವನು ಅದಕ್ಕೆ ಮುಂಚೆ ಓಡಿಸಿರಲಿಲ್ಲ, ಆಮೇಲೂ ಓಡಿಸಲಿಲ್ಲ.

ಆ ಕಾರು ಹಳತಾಯಿತು, ಇನ್ನೊಂದು ಬಂತು. ಆ ಇನ್ನೊಂದು ಕಾರು ಒಂದು ಮಧ್ಯಾಹ್ನ ಶಾಲೆಯೊಂದರ ಕಾಂಪೌಂಡ್ ಗೋಡೆಗೆ ಎಡಮೈ ಉಜ್ಜಿಕೊಂಡು ಹೋಗಿ, ದೀಪದ ಕಂಬದ ಹತ್ತಿರ ತಾನಾಗಿಯೇ ನಿಂತಿತು. ಪ್ರಯಾಣಿಕರನ್ನು ಇಳಿಸಿ ಖಾಲಿ ಬರುತ್ತಿದ್ದ. ನಾಲಿಗೆಯ ಮೇಲೆ ಇದ್ದಕ್ಕಿದ್ದಂತೆ ತುಕ್ಕಿನ ರುಚಿ ಬಂದದ್ದಷ್ಟೇ ಅವನಿಗೆ ನೆನಪು. ಕಣ್ಣು ಬಿಟ್ಟಾಗ ಶಾಲೆಯ ಕಾವಲುಗಾರ ಕೆನ್ನೆ ತಟ್ಟುತ್ತಿದ್ದ.

"ನಿಮ್ಮ ಪುಣ್ಯ ಕಣ್ರೀ, ಇನ್ನೂ ಬೆಲ್ ಆಗಿಲ್ಲ" ಎಂದ ಕಾವಲುಗಾರ.

ಅವನ ಮಾತು ಮುಗಿಯುವುದರೊಳಗೆ ಬೆಲ್ ಆಯಿತು. ಗೇಟು ತೆರೆಯಿತು. ಮಕ್ಕಳು ಕೂಗುತ್ತ, ತಳ್ಳಾಡುತ್ತ ಹೊರಗೆ ಬಂದು ಕಾರಿನ ಎರಡೂ ಪಕ್ಕದಿಂದ ಹರಿದುಹೋದರು. ಒಂದು ಮಗು ಕಿಟಕಿಯಲ್ಲಿ ಇಣುಕಿ ಅವನನ್ನು ನೋಡಿ ನಕ್ಕಿತು.

ಫಿಟ್ಸ್ ಎಂದರು ಡಾಕ್ಟರು. ಮಾತ್ರೆ ಬರೆದುಕೊಟ್ಟರು. ಆರು ತಿಂಗಳು ಸ್ಟಿಯರಿಂಗ್ ಮುಟ್ಟಬಾರದು, ಅಷ್ಟರಲ್ಲಿ ಮತ್ತೆ ಬರದೇ ಇದ್ದರೆ ಆಮೇಲೆ ನೋಡೋಣ ಎಂದರು. ಆರು ತಿಂಗಳು! ಗಾಲಿಯಣ್ಣನಿಗೆ ಸಿಗ್ನಲ್ಲಿನ ಕೆಂಪುದೀಪವೇ ಒಂದು ಯುಗವಾಗುತ್ತಿತ್ತು.

ಕಾರನ್ನು ಎಳೆದು ತಂದು ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದರು. ಎಡಗಡೆಯ ಮಡ್‌ಗಾರ್ಡು, ಎರಡು ಡೋರು ಉದ್ದಕ್ಕೂ ಕೆರೆದುಹೋಗಿ ತಗಡಿನ ಬಿಳುಪು ಕಾಣುತ್ತಿತ್ತು. ಅವನು ಬೆಳಿಗ್ಗೆ ಎಂದಿನ ಹೊತ್ತಿಗೇ ಏಳುವುದು, ಓಡದೆ ನಿಂತ ಕಾರಿನ ಗಾಜು ಒರೆಸುವುದು, ಸ್ಟ್ಯಾಂಡಿನವರೆಗೆ ನಡೆಯುವುದು. ಅಲ್ಲಿ ಎಲ್ಲರೂ "ಹೇಗಿದೀರಾ ಅಣ್ಣ?" ಎಂದು ದನಿ ತಗ್ಗಿಸಿ ಕೇಳುವುದು. ಆ ತಗ್ಗಿದ ದನಿ ಕೇಳಿ ಮೈ ಉರಿದು ವಾಪಸು ಬರುವುದು. ಮನೆಗೆ ಬಂದರೆ ಒಳಗಿಂದ ಹೊರಗೆ, ಹೊರಗಿಂದ ಒಳಗೆ. ಮುಂದಿನ ಕೋಣೆಯಲ್ಲಿ ಮೆಷಿನ್ ತುಳಿಯುತ್ತ ಕೂತ ಹೆಂಡತಿ ಒಂದು ದಿನ ಕಾಲು ನಿಲ್ಲಿಸಿದಳು.

"ರೀ, ನೀವು ಹೀಗೆ ಸುತ್ತಿದ್ರೆ ನನ್ನ ಹೊಲಿಗೆ ಸೊಟ್ಟ ಆಗುತ್ತೆ. ಯಾರದ್ದೋ ಕುಪ್ಪಸಕ್ಕೆ ಮೂರನೇ ತೋಳು ಇಟ್ಟುಬಿಟ್ಟೆ ಈಗ."

"ನಿಜವಾಗ್ಲೂ?"

"ಇನ್ನೇನು ಇಡೋದರಲ್ಲಿದ್ದೆ. ಹೋಗಿ, ಏನಾದ್ರೂ ಮಾಡಿ."

ಅವಳ ತಮ್ಮ ಒಂದು ವರ್ಕ್‌ಶಾಪಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವನು. ಭಾನುವಾರ ಬಂದು ಡೋರುಗಳನ್ನು ನೋಡಿ, ಒಳಗೆ ಹೋದ ತಗಡನ್ನು ಸುತ್ತಿಗೆಯಿಂದ ಮೆಲ್ಲಗೆ ಹೊರಕ್ಕೆ ತಂದ. ಉಳಿದದ್ದನ್ನು ತಾನೇ ಮಾಡುತ್ತೇನೆಂದು ಗಾಲಿಯಣ್ಣ ಹಟ ಹಿಡಿದ.

"ಬಣ್ಣ ಹೊಡೆಯೋದು ಏನು ಮಹಾ, ಭಾವ! ಅರ್ಧ ದಿನದಲ್ಲಿ ನಾನು ಹೊಡೆದು ಹೋಗ್ತೀನಿ" ಎಂದ ಭಾವಮೈದುನ. "ಅದಕ್ಕೆ ಮುಂಚೆ ಇರೋದೇ ಕೆಲಸ. ಉಜ್ಜಬೇಕು, ಪುಟ್ಟಿ ಹಚ್ಚಬೇಕು, ಮತ್ತೆ ಉಜ್ಜಬೇಕು, ಪ್ರೈಮರ್ ಹೊಡೀಬೇಕು, ಮತ್ತೆ ಉಜ್ಜಬೇಕು. ನಿಮ್ಮ ಕೈಲಾಗಲ್ಲ ಬಿಡಿ. ನಿಮಗೆ ತಾಳ್ಮೆ ಎಲ್ಲಿದೆ?"

ಆ ಮಾತು ಗಾಲಿಯಣ್ಣನಿಗೆ ಚುರುಕ್ ಎಂದಿತು. ಮರುದಿನವೇ ಹಿಡಿಗಳನ್ನು ಬಿಚ್ಚಿದ, ಕಿಟಕಿಯ ರಬ್ಬರು ಕಿತ್ತ, ಡೋರುಗಳನ್ನು ಕಳಚಿ ಎರಡು ಸ್ಟೂಲುಗಳ ಮೇಲೆ ಮಲಗಿಸಿದ. ಸೋಪಿನ ನೀರಲ್ಲಿ ತೊಳೆದ. ಒರಟು ಉಪ್ಪುಕಾಗದ ಹಿಡಿದು ಉಜ್ಜತೊಡಗಿದ.

ಮೊದಲ ವಾರ ಅವನು ತಗಡಿನ ಜೊತೆ ಜಗಳವಾಡಿದ ಎನ್ನಬೇಕು. ತುಕ್ಕು ಪೂರ್ತಿ ಹೋಗುವ ಮೊದಲೇ ಪುಟ್ಟಿಯ ಡಬ್ಬಿ ತೆರೆದ. ಪುಟ್ಟಿಗೆ ಗಟ್ಟಿಯಾಗಿಸುವ ಕೆಂಪು ಪೇಸ್ಟನ್ನು ಚೂರೇ ಚೂರು ಬೆರೆಸಬೇಕು. ಬೇಗ ಒಣಗಲಿ ಎಂದು ಇವನು ಧಾರಾಳವಾಗಿ ಹಿಂಡಿದ. ಹಚ್ಚುವ ಪಟ್ಟಿ ಎತ್ತಿ ಡೋರಿನ ಕಡೆ ತಿರುಗುವಷ್ಟರಲ್ಲಿ ಪುಟ್ಟಿ ಹಲಗೆಯ ಮೇಲೆಯೇ ಕಲ್ಲಾಗಿ ಕೂತಿತು. ಪಟ್ಟಿಯೂ ಅದರಲ್ಲಿ ಹುಗಿದುಹೋಯಿತು. ಹಲಗೆ, ಪುಟ್ಟಿ, ಪಟ್ಟಿ ಮೂರನ್ನೂ ಒಟ್ಟಿಗೆ ಎತ್ತಿಕೊಂಡು ಒಳಗೆ ಬಂದವನನ್ನು ನೋಡಿ ಹೆಂಡತಿ, "ಇದೇನು, ಬಹುಮಾನ ಬಂತಾ?" ಎಂದಳು.

ಎರಡನೆಯ ಸಲ ಪುಟ್ಟಿ ಸರಿಯಾಗಿ ಕೂತಿತು. ಉಜ್ಜಿ, ಒರೆಸಿ, ಭಾವಮೈದುನ ಕೊಟ್ಟುಹೋಗಿದ್ದ ಸ್ಪ್ರೇ ಡಬ್ಬಿಯಿಂದ ಪ್ರೈಮರ್ ಹೊಡೆದ. ಬೂದುಬಣ್ಣ ಹರಡಿಕೊಂಡು ಡೋರು ಹೊಸದರಂತೆ ಕಂಡಿತು. ಎದೆಯುಬ್ಬಿಸಿ ನಿಂತು ನೋಡುತ್ತಿರುವಾಗಲೇ ಅದರ ಮೇಲೆ ಸಣ್ಣ ಸಣ್ಣ ಗುಳಿಗಳು ಬಾಯಿ ಬಿಡತೊಡಗಿದವು. ಒಂದು, ಹತ್ತು, ಆಮೇಲೆ ಸಿಡುಬು ಎದ್ದಂತೆ ಇಡೀ ಡೋರು. ಭಾನುವಾರ ಬಂದ ಭಾವಮೈದುನ ಒಂದು ನೋಟ ನೋಡಿ, "ಯಾವ ಬಟ್ಟೇಲಿ ಒರೆಸಿದ್ರಿ?" ಎಂದ.

ಹೆಂಡತಿಯ ಚಿಂದಿ ಚೀಲದಿಂದ ಎತ್ತಿದ ಬಟ್ಟೆ. ಅವಳು ಹೊಲಿಗೆ ಮೆಷಿನ್ನಿನ ಎಣ್ಣೆ ಒರೆಸುತ್ತಿದ್ದದ್ದೂ ಅದರಲ್ಲೇ.

"ಒಂದು ಹನಿ ಎಣ್ಣೆ ಸಾಕು ಭಾವ, ಪೇಂಟ್ ಅಲ್ಲಿ ಕೂರಲ್ಲ. ಕೆರೀರಿ, ಮತ್ತೆ ಮೊದಲಿಂದ."

"ಇದರ ಮೇಲೇ ಇನ್ನೊಂದು ಕೋಟ್ ಹೊಡೆದ್ರೆ?"

"ಇವತ್ತು ಮುಚ್ಚುತ್ತೆ. ನಾಳೆ ಬಣ್ಣದ ಜೊತೆ ಎದ್ದು ಬರುತ್ತೆ."

ಗಾಲಿಯಣ್ಣ ಬಕೆಟ್ಟಿಗೆ ಒದ್ದ. ಸೋಪಿನ ನೀರು ಭಾವಮೈದುನನ ಒಳ್ಳೆಯ ಚಪ್ಪಲಿಯ ಮೇಲೆ ಹರಿಯಿತು. ಅವನು ಕಾಲು ಝಾಡಿಸಿ, ಏನೂ ಆಗದವನಂತೆ ಭಾವನ ಬಲಗೈ ಹಿಡಿದು ಡೋರಿನ ಮೇಲಿಟ್ಟ. "ಕಣ್ಣು ಮುಚ್ಚಿ. ಬೆರಳಲ್ಲ, ಅಂಗೈ ಪೂರ್ತಿ ಇಡಿ. ನಡುವೆ ಅಕ್ಕನ ಈ ಲೈನಿಂಗ್ ಬಟ್ಟೆ ಇರಲಿ, ಕೈ ಜಾರುತ್ತೆ. ಹೀಗೆ ಉದ್ದಕ್ಕೆ ಎಳೀರಿ. ಇಲ್ಲಿ ಏರು ಇದೆ, ಇಲ್ಲಿ ಇಳಿದಿದೆ. ಗೊತ್ತಾಯ್ತಾ?"

ಮೊದಲಿಗೆ ಏನೂ ಗೊತ್ತಾಗಲಿಲ್ಲ. ಎರಡನೆಯ ಸಲ ಎಳೆದಾಗ ಅಂಗೈ ಕೆಳಗೆ ರಸ್ತೆಯಲ್ಲಿ ಸಿಗುವಂಥ ಉಬ್ಬೊಂದು ಸಿಕ್ಕಿತು. ಅದರಾಚೆ ಒಂದು ಇಳಿಜಾರು. ಗಾಲಿಯಣ್ಣ ಕಣ್ಣು ಮುಚ್ಚಿಕೊಂಡೇ, "ಇಲ್ಲಿ ಗೇರ್ ಇಳಿಸಬೇಕಲ್ಲೋ!" ಎಂದ. ಭಾವಮೈದುನ ನಕ್ಕ.

ಅಲ್ಲಿಂದ ಅವನ ದಿನಗಳಿಗೆ ಒಂದು ದಾರಿ ಸಿಕ್ಕಿತು. ಚಡಪಡಿಕೆ ಹೋಗಲಿಲ್ಲ, ಕೈಗೆ ಇಳಿಯಿತು, ಅಷ್ಟೇ. ಮರದ ತುಂಡಿಗೆ ಉಪ್ಪುಕಾಗದ ಸುತ್ತಿ ಓರೆಯಾಗಿ ಉಜ್ಜುವುದು, ಮತ್ತೆ ಅಡ್ಡಲಾಗಿ ಉಜ್ಜುವುದು, ನಿಲ್ಲಿಸಿ ಅಂಗೈ ಆಡಿಸುವುದು. ಒಳಗಿನಿಂದ ಮೆಷಿನ್ನಿನ ಟಕಟಕ, ಹೊರಗೆ ಇವನ ಕರಕರ. ಎರಡರ ನಡುವೆ ಒಂದು ಕಿಟಕಿ. ಬೀದಿಯವರು ಹಾದುಹೋಗುತ್ತ, ಗಂಡ ಹೆಂಡತಿ ಪೈಪೋಟಿಗೆ ಬಿದ್ದಿದ್ದಾರೆ ಎಂದು ಹಾಸ್ಯ ಮಾಡುತ್ತಿದ್ದರು. ಡಾಕ್ಟರು ಹೇಳಿದ ಅವಧಿ ಕರಗುತ್ತಿತ್ತು. ಇನ್ನೇನು ಕಾರೂ ಸಿದ್ಧ, ತಾನೂ ಸಿದ್ಧ ಎಂದು ಅವನ ಲೆಕ್ಕ.

ಆ ದಿನ ಅವನು ಮುಂದಿನ ಡೋರಿನ ಪ್ರೈಮರ್ ಮೇಲೆ ಕಪ್ಪು ಬಣ್ಣವನ್ನು ಮಂಜಿನಂತೆ ತೆಳ್ಳಗೆ ಹಾಯಿಸಿಕೊಂಡಿದ್ದ. ಅದನ್ನು ನೀರು ಹಾಕಿ ನಯವಾದ ಉಪ್ಪುಕಾಗದದಿಂದ ಉಜ್ಜಿದರೆ ಏರಿನ ಮೇಲಿನ ಕಪ್ಪು ಹೋಗುತ್ತದೆ, ಗುಂಡಿಯಲ್ಲಿನ ಕಪ್ಪು ಉಳಿದು ತನ್ನ ಜಾಗ ತೋರಿಸಿಕೊಡುತ್ತದೆ. ಅರ್ಧ ಡೋರು ಮುಗಿದಿತ್ತು. ಮಧ್ಯಾಹ್ನದ ಬಿಸಿಲು ಶೆಡ್ಡಿನ ಬಾಗಿಲಿಗೆ ಬಂದಿತ್ತು. ನಾಲಿಗೆಯ ಮೇಲೆ ತುಕ್ಕಿನ ರುಚಿ ಬಂತು.

ಎಚ್ಚರವಾದಾಗ ಅವನು ನೆಲದ ಮೇಲೆ ಮಗ್ಗುಲಾಗಿ ಮಲಗಿದ್ದ. ಕೆನ್ನೆಗೆ ಬೂದುಬಣ್ಣದ ಕೆಸರು ಮೆತ್ತಿತ್ತು, ನಾಲಿಗೆ ಕಚ್ಚಿಕೊಂಡಿತ್ತು. ಬಿಸಿಲು ಅಷ್ಟು ದೂರ ಸರಿದಿರಲಿಲ್ಲ. ಒಳಗೆ ಮೆಷಿನ್ ಟಕಟಕ ಎನ್ನುತ್ತಿತ್ತು. ಸದ್ಯ, ಯಾರೂ ನೋಡಿಲ್ಲ ಎಂದುಕೊಂಡು ಮೊಣಕೈ ಊರಿ ಎದ್ದ. ಆಗ ಕಂಡಿತು, ತಲೆ ಇಟ್ಟಿದ್ದ ಜಾಗದಲ್ಲಿ ಚಿಂದಿ ಬಟ್ಟೆಯ ಮೆತ್ತನೆಯ ಗಂಟು.

ಅವನು ಮುಖ ತೊಳೆದುಕೊಂಡು ಒಳಗೆ ಹೋದ. ಹೆಂಡತಿ ತಲೆ ಎತ್ತಲಿಲ್ಲ. ಅವಳ ಮೊಣಕಾಲ ಮೇಲೆ, ಸೀರೆಯ ಅಂಚಿಗೆ, ಬೂದುಬಣ್ಣ ಒದ್ದೆಯಾಗಿ ಅಂಟಿತ್ತು.

"ಟೀ ಇಡ್ಲಾ?" ಎಂದಳು.

"ಇಡು" ಎಂದ.

ಏನಾಯಿತೆಂದು ಅವಳು ಕೇಳಿದ್ದರೆ ಅವನು ಕಾಲು ಜಾರಿತು ಎನ್ನುತ್ತಿದ್ದ. ಹೇಳಲು ಅದನ್ನು ಸಿದ್ಧವಾಗಿಯೂ ಇಟ್ಟುಕೊಂಡಿದ್ದ. ಅವಳು ಕೇಳದೇ ಇದ್ದದ್ದರಿಂದ ಆ ಸುಳ್ಳು ಬಾಯಲ್ಲೇ ಉಳಿದು ಹುಳಿಯಾಗುತ್ತ ಹೋಯಿತು. ಅವಳು ಮಾಡಿದ್ದು ಇಷ್ಟೇ. ಮೆಷಿನ್ನನ್ನು ಗೋಡೆಯ ಕಡೆಯಿಂದ ಎಳೆದು ಕಿಟಕಿಗೆ ಎದುರಾಗಿ ಇಟ್ಟುಕೊಂಡಳು. ಬೆಳಕು ಚೆನ್ನಾಗಿದೆ ಎಂದಳು. ಅವನ ಕರಕರ ನಿಂತರೆ ಅವಳ ಟಕಟಕವೂ ನಿಲ್ಲುತ್ತಿತ್ತು. ಕಾಗದ ಬದಲಿಸಲು ನಿಂತಾಗಲೂ, ಬೆವರು ಒರೆಸಿಕೊಳ್ಳಲು ನಿಂತಾಗಲೂ ಒಳಗಿನ ಸದ್ದು ನಿಂತು ಕಾಯುವುದು ಅವನ ಬೆನ್ನಿಗೆ ಗೊತ್ತಾಗುತ್ತಿತ್ತು. ಅದನ್ನು ತಾಳಲಾರದೆ ನಿಲ್ಲಿಸದೆ ಉಜ್ಜಿದ. ಒಂದು ಕಡೆ ಪ್ರೈಮರ್ ದಾಟಿ, ಪುಟ್ಟಿ ದಾಟಿ, ತಗಡೇ ಹೊರಬಂತು. ಆ ಭಾಗವನ್ನು ಮತ್ತೆ ಮೊದಲಿಂದ ಮಾಡಬೇಕಾಯಿತು.

ಡಾಕ್ಟರ ಬಳಿ ಹೋಗುವ ದಿನ ಬಂತು. ಇಬ್ಬರೂ ಹೋದರು. ಡಾಕ್ಟರು ಕಣ್ಣಿಗೆ ದೀಪ ಬಿಟ್ಟು, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ಬಡಿದು, "ಮಧ್ಯದಲ್ಲಿ ಏನಾದ್ರೂ ಬಂತಾ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ."

ಡಾಕ್ಟರು ಹೆಂಡತಿಯ ಕಡೆ ನೋಡಿದರು. ಅವಳು ಗಂಡನ ಕಡೆ ನೋಡಿದಳು. "ಅವರೇ ಹೇಳಿದ್ರಲ್ಲ" ಎಂದಳು.

ಹಾಗಾದರೆ ಸಣ್ಣ ಸಣ್ಣ ದೂರ ಓಡಿಸಿ ನೋಡಿ, ಮಾತ್ರೆ ಮಾತ್ರ ಬಿಡಬೇಡಿ ಎಂದರು ಡಾಕ್ಟರು. ಬಸ್ಸಿನಲ್ಲಿ ವಾಪಸು ಬರುವಾಗ ಗಾಲಿಯಣ್ಣ ಸೀಟು ಸಿಕ್ಕರೂ ಕೂರಲಿಲ್ಲ.

ಮನೆಗೆ ಬಂದರೆ ಅಂಗಳದಲ್ಲಿ ಕಾರು ನಿಂತಿತ್ತು. ಹಿಂದಿನ ಭಾನುವಾರವೇ ಬಣ್ಣ ಹೊಡೆದು ಹೋಗಿದ್ದ ಭಾವಮೈದುನ ಆ ದಿನ ರಜೆ ಹಾಕಿ ಬಂದು, ಡೋರು ಕೂಡಿಸಿ, ರಬ್ಬರು, ಹಿಡಿ ಎಲ್ಲ ಹಾಕಿ, ಒರೆಸಿ ಇಟ್ಟಿದ್ದ. ಗೋಡೆಗೆ ಉಜ್ಜಿದ ಪಕ್ಕ ಯಾವುದು, ಉಜ್ಜದ ಪಕ್ಕ ಯಾವುದು ಎಂದು ಹೇಳಲು ಬರುವಂತಿರಲಿಲ್ಲ. ಆಚೀಚೆ ಮನೆಯವರು ಬಂದು ನಿಂತು, ಅದರ ಹೊಳಪಿನಲ್ಲಿ ತಮ್ಮ ಮುಖ ನೋಡಿಕೊಂಡು ಹೋದರು.

"ತಗೊಳಿ ಭಾವ, ಕೀಲಿ. ಒಂದು ಸುತ್ತು ಹೋಗಿ ಬನ್ನಿ."

ಗಾಲಿಯಣ್ಣ ಕೂತ. ಸೀಟು ಅವನ ಬೆನ್ನಿನ ಗುರುತನ್ನು ಇನ್ನೂ ಮರೆತಿರಲಿಲ್ಲ. ಕೀಲಿ ತಿರುಗಿಸಿದ. ಎಂಜಿನ್ ಒಂದೆರಡು ಸಲ ಕೆಮ್ಮಿ ಹಿಡಿದುಕೊಂಡಿತು. ಪಾದದಿಂದ ನೆತ್ತಿಯವರೆಗೆ ಆ ನಡುಕ ಏರಿದಾಗ ಅವನ ಕಣ್ಣು ಒದ್ದೆಯಾಯಿತು. ಅಷ್ಟರಲ್ಲಿ ಎಡಗಡೆಯ ಡೋರು ತೆರೆಯಿತು. ಹೆಂಡತಿ ಸೆರಗು ಒಳಗೆ ಎಳೆದುಕೊಂಡು ಕೂತು ಡೋರು ಹಾಕಿದಳು.

"ನೀನ್ಯಾಕೆ?"

"ನಾನೂ ಬರ್ತೀನಿ."

"ಅಡ್ಡರಸ್ತೆವರೆಗೆ ಹೋಗಿ ಬರ್ತೀನಿ ಅಷ್ಟೇ. ಇಳಿ."

"ಅಲ್ಲೀವರೆಗೇ ಬರ್ತೀನಿ." ಬೆಲ್ಟು ಎಳೆದು ಹಾಕಿಕೊಂಡಳು. ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ರಸ್ತೆಯ ಕಡೆ ಮುಖ ಮಾಡಿ ಕೂತಳು. ಬೈಯಲಿಲ್ಲ, ಅಳಲಿಲ್ಲ. ಅವನಿಗೆ ಅವಳ ತೋರುಬೆರಳಿನ ತುದಿಯ ಸೂಜಿಗಾಯಗಳು ಕಂಡವು.

"ಇಳಿಯೇ" ಎಂದ ಇನ್ನೊಮ್ಮೆ.

"ನೀವು ಓಡಿಸ್ತೀರಾ ಅಂದ್ರೆ ನಾನು ಇಳಿಯಲ್ಲ."

ಅಡ್ಡರಸ್ತೆಯಲ್ಲಿ ಯಾರದೋ ಮಗು ಸೈಕಲ್ ಕಲಿಯುತ್ತಿತ್ತು. ಬೀಳುತ್ತಿತ್ತು, ಏಳುತ್ತಿತ್ತು. ಗಾಲಿಯಣ್ಣ ಗೇರಿನ ಮೇಲೆ ಕೈ ಇಟ್ಟ. ಕೈ ಅಲ್ಲೇ ಉಳಿಯಿತು. ಎಷ್ಟು ಹೊತ್ತೋ ಎಂಜಿನ್ ಸುಮ್ಮನೆ ಗುರುಗುಟ್ಟಿತು. ಆಮೇಲೆ ಅವನು ಕೀಲಿ ತಿರುಗಿಸಿ ಆರಿಸಿದ.

"ಏನಾಯ್ತು ಭಾವ?" ಎಂದು ಭಾವಮೈದುನ ಕಿಟಕಿಗೆ ಬಗ್ಗಿದ.

"ಬಂದಿತ್ತು ಕಣೋ. ಶೆಡ್ಡಲ್ಲಿ. ಡೋರು ಉಜ್ಜುವಾಗ." ಹೇಳುತ್ತಿದ್ದದ್ದು ಭಾವಮೈದುನನಿಗೆ, ನೋಡುತ್ತಿದ್ದದ್ದು ಸ್ಟಿಯರಿಂಗನ್ನು. "ನಿಮ್ಮಕ್ಕ ನೋಡಿದಾಳೆ. ಡಾಕ್ಟ್ರಿಗೆ ಸುಳ್ಳು ಹೇಳಿ ಬಂದೆ."

ಭಾವಮೈದುನ ಅಕ್ಕನ ಕಡೆ ತಿರುಗಿದ. "ನೀನಾದ್ರೂ ಹೇಳಬಾರದಿತ್ತಾ ಅಕ್ಕ?"

"ನಾನು ಹೇಳಿದ್ರೆ ಇವರು ಆಯುಷ್ಯಪೂರ್ತಿ ತಪ್ಪನ್ನ ನನ್ನ ಮೇಲೆ ಹಾಕ್ತಿದ್ರು" ಎಂದಳು ಅವಳು. ಬೆಲ್ಟನ್ನು ಎರಡು ಸಲ ಎಳೆದಳು, ಅದು ಬಿಚ್ಚಿಕೊಳ್ಳಲಿಲ್ಲ. ಗಾಲಿಯಣ್ಣ ಬಗ್ಗಿ ಗುಂಡಿ ಒತ್ತಿ ಬಿಚ್ಚಿದ.

ಮರುದಿನ ಮತ್ತೆ ಡಾಕ್ಟರ ಬಳಿ ಹೋದರು. ಅವರು ಸಿಟ್ಟಾದರು, ಮಾತ್ರೆ ಬದಲಿಸಿದರು. ಬಾಡಿಗೆ ಓಡಿಸುವ ಕೆಲಸವನ್ನು ಇನ್ನು ಮರೆತುಬಿಡಿ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಕಾರನ್ನು ಸ್ಟ್ಯಾಂಡಿನವನೇ ಒಬ್ಬ ಕೊಂಡುಕೊಂಡ. ಅವನು ಅದನ್ನು ತೆಗೆದುಕೊಂಡು ಹೋಗುವಾಗ ಗಾಲಿಯಣ್ಣ ಹಿತ್ತಲಲ್ಲಿದ್ದ. ಎರಡನೇ ಗೇರಿಗೆ ತಡವಾಗಿ ಹಾಕಿದ್ದು ಅಲ್ಲಿಗೂ ಕೇಳಿಸಿ, "ಕೊಲ್ತಾನೆ ಎಂಜಿನ್ನ, ಕಟುಕ" ಎಂದು ಗೊಣಗಿದ. ಆಮೇಲಿನ ದಿನಗಳು ಕೆಟ್ಟವು. ಖಾಲಿ ಶೆಡ್ಡಿನಲ್ಲಿ ಅವನು ಗೋಡೆಯಿಂದ ಗೋಡೆಗೆ ನಡೆದ. ಹೆಂಡತಿಯ ಮೇಲೆ ರೇಗಿದ. ಟೀ ಬಿಸಿ ಇಲ್ಲ ಎಂದ. ಇದ್ದರೆ ಬಿಸಿ ಹೆಚ್ಚಾಯಿತು ಎಂದ. ಅವಳು ಕೆಲವು ದಿನ ನುಂಗಿಕೊಂಡಳು, ಒಂದು ದಿನ ನುಂಗದೆ ತಿರುಗಿ ಕೊಟ್ಟಳು. ಬೀದಿಯವರು ಬಾಗಿಲಿಗೆ ಬಂದು ನಿಲ್ಲುವಂಥ ಜಗಳವಾಯಿತು. ಅದಾದ ಮೇಲೆ ಇಬ್ಬರಿಗೂ ಚೆನ್ನಾಗಿ ಹಸಿವಾಗಿ, ಒಟ್ಟಿಗೆ ಕೂತು ಉಂಡರು.

ಆ ವಾರ ಭಾವಮೈದುನ ವರ್ಕ್‌ಶಾಪಿನ ವ್ಯಾನಿನಲ್ಲಿ ಒಂದು ಬಾನೆಟ್ ತಂದು ಶೆಡ್ಡಿನಲ್ಲಿ ಇಳಿಸಿದ.

"ಇದ್ಯಾರದ್ದೋ?"

"ಯಾರದ್ದೋ. ಅಲ್ಲಿ ಉಜ್ಜೋರು ಸಾಲಲ್ಲ. ಮೊನ್ನೆ ಯಜಮಾನರು ನಿಮ್ಮ ಕಾರು ನೋಡಿದ್ರು. ಎಡಗಡೆ ಅಂಗೈ ಆಡಿಸಿ, ಇದನ್ನ ಸಿದ್ಧ ಮಾಡಿದ್ದು ಯಾರು ಅಂತ ಕೇಳಿದ್ರು."

"ನೀನು ನನ್ನ ಹೆಸರು ಹೇಳಿದೆಯಾ?"

"ನನ್ನ ಹೆಸರೇ ಹೇಳ್ಕೋಬೇಕು ಅಂತಿದ್ದೆ. ಆದ್ರೆ ಆಮೇಲೆ ನಾನೇ ಉಜ್ಜಬೇಕಲ್ಲ!"

ಹೀಗೆ ಶುರುವಾದದ್ದು ನಿಂತಿಲ್ಲ. ಈಗ ಅವನ ಮನೆಗೆ ಇಡೀ ಕಾರು ಬರುವುದಿಲ್ಲ, ಬಿಡಿಬಿಡಿಯಾಗಿ ಬರುತ್ತವೆ. ಗೋಡೆಗೆ ಒರಗಿ ಡೋರುಗಳು, ಸ್ಟೂಲಿನ ಮೇಲೆ ಬಾನೆಟ್ಟು, ಮಳೆ ಬಂದರೆ ಮುಂದಿನ ಕೋಣೆಯಲ್ಲಿ ಬಟ್ಟೆಗಳ ನಡುವೆ ಒಂದು ಮಡ್‌ಗಾರ್ಡು. ಅಳತೆ ಕೊಡಲು ಬಂದ ಹೆಂಗಸರು ಅದನ್ನು ಬಳಸಿಕೊಂಡು ನಿಲ್ಲುತ್ತಾರೆ. ಶೆಡ್ಡಿನ ನೆಲಕ್ಕೆ ಹೆಂಡತಿ ಹಳೆಯ ಹಾಸಿಗೆಯೊಂದನ್ನು ಬಿಚ್ಚಿ ಹೊಲಿದು ಹಾಸಿದ್ದಾಳೆ. ಬಿದ್ದರೆ ತಲೆಗೆ ಪೆಟ್ಟಾಗಬಾರದು ಎಂದು. ಹೊಸ ಮಾತ್ರೆ ಶುರುವಾದ ಮೇಲೆ ಅದರ ಮೇಲೆ ಬಿದ್ದದ್ದು ಒಮ್ಮೆ ಮಾತ್ರ, ಅದನ್ನು ಅವನೇ ಕೂಗಿ ಹೇಳಿದ.

ನೆಮ್ಮದಿ ಸಿಕ್ಕಿತೇ ಎಂದು ಯಾರಾದರೂ ಕೇಳಿದರೆ ಗಾಲಿಯಣ್ಣ ಸಿಡುಕುತ್ತಾನೆ. ಬೀದಿಯಲ್ಲಿ ಯಾವುದೇ ಕಾರು ಸ್ಟಾರ್ಟ್ ಆದರೂ ಅವನ ಬಲಗಾಲು ಇಂದಿಗೂ ಅಲುಗುತ್ತದೆ. ಕೆಲಸ ಮುಗಿದ ಮೇಲೆ ವ್ಯಾನು ಬರುವವರೆಗೆ ಕಾಯುವುದಂತೂ ಅವನಿಂದ ಆಗದ ಮಾತು. ಮುಗಿದ ಡೋರನ್ನು ಹಳೆಯ ಚಾದರದಲ್ಲಿ ಸುತ್ತಿ, ಹೆಗಲ ಮೇಲೆ ಹೊತ್ತು, ವರ್ಕ್‌ಶಾಪಿಗೆ ನಡೆದೇ ಹೊರಡುತ್ತಾನೆ. "ರೀ, ನಿಲ್ಲಿ, ವ್ಯಾನ್ ಬರುತ್ತೆ!" ಎಂದು ಹೆಂಡತಿ ಕಿಟಕಿಯಿಂದ ಕೂಗುತ್ತಾಳೆ. ಕೂಗಿ, ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬರುತ್ತಾಳೆ, ಒಂದು ತುದಿಗೆ ಕೈ ಕೊಡಲು.

ಮೊನ್ನೆ ಅವರಿಬ್ಬರೂ ಹಾಗೆ ಡೋರು ಹೊತ್ತು ವೃತ್ತ ದಾಟುತ್ತಿದ್ದಾಗ ಸ್ಟ್ಯಾಂಡಿನ ಹಳೆಯ ಗೆಳೆಯನೊಬ್ಬ ಟ್ಯಾಕ್ಸಿ ನಿಧಾನಿಸಿ ತಲೆ ಹೊರಗೆ ಹಾಕಿದ.

"ಗಾಲಿಯಣ್ಣ, ಬರೀ ಡೋರು ಹೋಗ್ತಿದೆ! ಉಳಿದ ಕಾರೆಲ್ಲಿ?"

"ಹಿಂದೆ ಬರ್ತಿದೆ, ನೀನು ದಾರಿ ಬಿಡು" ಎಂದ ಗಾಲಿಯಣ್ಣ, ನಿಲ್ಲದೆ.